ಪಂಕ್ತಿಭೇದ ಮತ್ತು ಬಡತನದ ಲೆಕ್ಕ: ಅಮೆರಿಕದ ಶಾಲಾ ಊಟದ ಚರಿತ್ರೆ

ಬಡತನವನ್ನು ಅಳೆಯುವ ಮಾನದಂಡಗಳಿಗೂ ಒಂದು ಚರಿತ್ರೆಯುಂಟು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಉಚಿತ ಅಥವಾ ರಿಯಾಯಿತಿ ದರದ ಊಟಕ್ಕೆ ಅರ್ಹರಾದ ಮಕ್ಕಳ ಪ್ರಮಾಣವೇ ದಶಕಗಳ ಕಾಲ ಶಾಲೆಯೊಂದರ ಬಡತನದ ಅಳತೆಗೋಲಾಗಿತ್ತು. ಊಟದ ದಾಖಲೆಯು ಬಡತನದ ದಾಖಲೆಯಾದ ಈ ಬಗೆ ಪರಿಶೀಲನಾರ್ಹವಾಗಿದೆ.

1946ರ ಜೂನ್ 4ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಸಹಿ ಮಾಡಿದ ರಾಷ್ಟ್ರೀಯ ಶಾಲಾ ಊಟದ ಕಾಯ್ದೆಗೆ ಮಕ್ಕಳ ಆರೋಗ್ಯ ಮತ್ತು ಕೃಷಿ ಉತ್ಪನ್ನಗಳ ಬಳಕೆ ಎಂಬ ಎರಡು ಉದ್ದೇಶಗಳಿದ್ದವು. ಬಡವರ ಗಣತಿ ಅದರ ಗುರಿಯಾಗಿರಲಿಲ್ಲ. ಹಣ ಕೊಡಲಾರದ ಮಗುವನ್ನು ಬೇರೆ ಕೂರಿಸಬಾರದೆಂದು, ಅಂದರೆ ಕನ್ನಡದಲ್ಲಿ ‘ಪಂಕ್ತಿಭೇದ’ ಎನ್ನುವುದು ಕೂಡದೆಂದು, ಆ ಕಾಯ್ದೆಯೇ ವಿಧಿಸಿತ್ತು. ಆದರೆ ಯಾರು ಬಡವರೆಂಬ ನಿರ್ಣಯ ಸ್ಥಳೀಯ ಶಾಲಾಡಳಿತಕ್ಕೆ ಸೇರಿತ್ತು. 1970ರ ತಿದ್ದುಪಡಿಯು ದೇಶವ್ಯಾಪಿ ಆದಾಯಮಿತಿಯನ್ನು ತಂದಿತಲ್ಲದೆ, ವಿಶೇಷ ಟೋಕನ್ ಹಾಗೂ ಹೆಸರುಪಟ್ಟಿಗಳ ಮೂಲಕ ಮಕ್ಕಳನ್ನು ಗುರುತಿಸುವುದನ್ನು ನಿಷೇಧಿಸಿತು. 1981ರ ಕಾಯ್ದೆಯ ತರುವಾಯ ಬಡತನರೇಖೆಯ ಶೇ. 130ರವರೆಗಿನ ಆದಾಯದ ಮನೆಗಳಿಗೆ ಉಚಿತ ಊಟ, ಶೇ. 185ರವರೆಗೆ ರಿಯಾಯಿತಿ ಊಟ ಎಂಬ ಮಿತಿ ನೆಲೆಗೊಂಡಿತು.

ಏಕರೂಪದ ಈ ಅಂಕಿ ಪ್ರತಿವರ್ಷ ಶಾಲೆಯಲ್ಲಿಯೇ ಸುಲಭವಾಗಿ ದೊರೆಯುತ್ತಿತ್ತು. ಆದ್ದರಿಂದ 1965ರ ಶಿಕ್ಷಣ ಕಾಯ್ದೆಯನ್ವಯ ಬರುವ ನೆರವನ್ನು ಶಾಲೆಗಳಿಗೆ ಹಂಚಲು ಆಡಳಿತಗಾರರೂ ಕಲಿಕೆಯ ಅಂತರವನ್ನು ವಿವರಿಸಲು ಸಂಶೋಧಕರೂ ಅದನ್ನೇ ಅವಲಂಬಿಸಿದರು.

ಇದರ ಮಿತಿಗಳು ಗಮನಾರ್ಹ. ಕಡುಬಡತನದ ಮಗುವೂ ಶೇ. 185ರ ಗಡಿಯಲ್ಲಿರುವ ಮಗುವೂ ಇಲ್ಲಿ ಒಂದೇ ಲೆಕ್ಕ. ಅಲ್ಲದೆ ಈ ಅಂಕಿ ಬಹುಮಟ್ಟಿಗೆ ಎಣಿಸಿದ್ದು ಬಡ ಮನೆಗಳನ್ನಲ್ಲ, ಅರ್ಜಿ ಬರೆದುಕೊಟ್ಟ ಮನೆಗಳನ್ನು. ವಯಸ್ಸು ಬೆಳೆದಂತೆ ಮಕ್ಕಳಲ್ಲಿ ಸಂಕೋಚವೂ ಬೆಳೆಯುವುದರಿಂದ ಪ್ರೌಢಶಾಲೆಯ ಹಂತದಲ್ಲಿ ಅಂಕಿ ಇಳಿಯುತ್ತಿತ್ತು; ಇಳಿದದ್ದು ಬಡತನವಲ್ಲ.

2010ರ ಕಾಯ್ದೆಯು ಹೊಸ ದಾರಿ ತೆರೆಯಿತು. ಸರ್ಕಾರದ ಆಹಾರ ನೆರವು ಮೊದಲಾದ ದಾಖಲೆಗಳ ಮೂಲಕ ಅರ್ಜಿಯಿಲ್ಲದೆಯೇ ಗುರುತಿಸಲಾದ ಮಕ್ಕಳು ಶೇ. 40ರಷ್ಟಿದ್ದರೆ ಆ ಶಾಲೆಯ ಎಲ್ಲರಿಗೂ ಉಚಿತ ಊಟ ನೀಡಬಹುದಾಯಿತು. 2014ರಲ್ಲಿ ಇದು ದೇಶಾದ್ಯಂತ ಜಾರಿಗೆ ಬಂದು, 2023ರಲ್ಲಿ ಮಿತಿ ಶೇ. 25ಕ್ಕೆ ಇಳಿಯಿತು. ಅರ್ಜಿ ಹೋಯಿತು, ಅದರೊಡನೆ ಹಳೆಯ ಅಳತೆಗೋಲೂ ಮುರಿಯಿತು. ಎಲ್ಲರೂ ಉಣ್ಣುವ ಶಾಲೆಯಲ್ಲಿ ಊಟದ ಅಂಕಿ ಬಡವರನ್ನು ತೋರಿಸದು. ನೆರವಿನ ದಾಖಲೆಗಳನ್ನೇ ನೆಚ್ಚಿದರೆ, ನೆರವು ಕೇಳಲು ಅಂಜುವ ವಲಸಿಗ ಕುಟುಂಬಗಳು ಲೆಕ್ಕದಿಂದ ಹೊರಗುಳಿಯುತ್ತವೆ. ಅಂಥ ಮಕ್ಕಳೇ ಹೆಚ್ಚಿರುವ ಶಾಲೆಗೆ ಸಲ್ಲಬೇಕಾದ ಹಣ ತಪ್ಪುವ ಅಪಾಯವಿದೆ.

ಪಂಕ್ತಿ ಒಂದಾದಾಗ ಲೆಕ್ಕ ಕೆಟ್ಟಿತೆಂದರೆ, ದೋಷ ಪಂಕ್ತಿಯದಲ್ಲ. ಬಡತನವನ್ನು ಅಳೆಯುವ ಹೊಣೆಯನ್ನು ಮಗುವಿನ ತಟ್ಟೆಯ ಮೇಲೆ ಹೊರಿಸಿದ್ದ ವ್ಯವಸ್ಥೆಯು ಆ ಹೊಣೆಯನ್ನು ಇನ್ನು ತಾನೇ ಹೊರಬೇಕಾಗಿದೆ.