ಕಿತ್ತೂರಿನ ಥ್ಯಾಕರೆ, ಕೆರಿಬಿಯನ್ನಿನ ಕಾದಂಬರಿ

1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಹತನಾದ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಹೆಸರು ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ಖ್ಯಾತ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಈತನ ಸಹೋದರನ ಮಗ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಕಿತ್ತೂರಿನ ಜಗಳ ಹುಟ್ಟಿದ್ದು ದತ್ತಕದ ಪ್ರಶ್ನೆಯಿಂದ. ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಅವನ ದತ್ತುಪುತ್ರನನ್ನು ಕಂಪನಿ ಒಪ್ಪಲಿಲ್ಲ. ಕಲೆಕ್ಟರ್ ಖಜಾನೆಗೆ ಮೊಹರು ಹಾಕಿಸಿದ. ಯಾರು ವಾರಸುದಾರ ಎಂದು ಹೇಳುವ ಅಧಿಕಾರ ಕೈಗೆ ಬಂದರೆ ಖಜಾನೆಯೂ ಕೈಗೆ ಬಂದಂತೆ.

ಕಾದಂಬರಿಕಾರ ಥ್ಯಾಕರೆಯ ‘ವ್ಯಾನಿಟಿ ಫೇರ್’ (1847–48) ಕೃತಿಯಲ್ಲಿ ಕೆರಿಬಿಯನ್ನಿನ ಸೇಂಟ್ ಕಿಟ್ಸ್ ದ್ವೀಪದ ಮಿಸ್ ಸ್ವಾರ್ಟ್ಜ್ ಎಂಬ ಮಿಶ್ರ ವರ್ಣದ ಶ್ರೀಮಂತ ಹುಡುಗಿ ಬರುತ್ತಾಳೆ. ಅವಳ ಹಣ ಲಂಡನ್ನಿನ ವ್ಯಾಪಾರಿಗೆ ಬೇಕು. ಅವಳ ಬಣ್ಣ ಅವನ ಮಗನಿಗೆ ನಗೆಪಾಟಲು. ಅದೇ ಕಾಲದ ‘ಜೇನ್ ಐರ್’ (1847) ಕಾದಂಬರಿಯಲ್ಲಿಯೂ ಜಮೈಕಾದ ಶ್ರೀಮಂತ ಹೆಂಡತಿಯೊಬ್ಬಳನ್ನು ಹುಚ್ಚಿಯೆಂದು ಅಟ್ಟದ ಮೇಲೆ ಕೂಡಿಹಾಕಲಾಗಿದೆ. ಅದರ ಎರಡನೆಯ ಮುದ್ರಣ ಅರ್ಪಿತವಾದದ್ದು ಇದೇ ಥ್ಯಾಕರೆಗೆ.

ಇದಕ್ಕೆ ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲಿ ‘ವೈಡ್ ಸರ್ಗಾಸೊ ಸೀ’ ಬರೆದು ಉತ್ತರ ಕೊಟ್ಟರು. ಅಟ್ಟದ ಹೆಂಗಸಿಗೆ ಇಲ್ಲಿ ಆಂಟ್ವಾನೆಟ್ ಎಂಬ ಹೆಸರಿದೆ, ಮಾತಿದೆ. ಗಂಡ ಅವಳ ಆಸ್ತಿ ಪಡೆಯುತ್ತಾನೆ. ಅನಂತರ ಅವಳ ಹೆಸರನ್ನೇ ಬದಲಿಸಿ ‘ಬರ್ಥಾ’ ಎಂದು ಕರೆಯುತ್ತಾನೆ. ಆದರೆ ಅವಳೂ ಗುಲಾಮರನ್ನು ಇಟ್ಟುಕೊಂಡಿದ್ದವರ ಮಗಳು. ಬಿಡುಗಡೆ ಪಡೆದ ಕಪ್ಪು ಜನರ ಸಿಟ್ಟಿಗೆ ಅವಳ ಮನೆ ಸುಟ್ಟುಹೋಗುತ್ತದೆ. ಬಿಳಿಯರು ಒಂದು ಕಡೆ, ಕರಿಯರು ಇನ್ನೊಂದು ಕಡೆ ಎಂಬ ಸರಳ ಲೆಕ್ಕ ಈ ಕಾದಂಬರಿಯಲ್ಲಿಲ್ಲ.

ಆ ಹೆಂಗಸಿಗೆ ಬಾಯಿ ಬರಲು 119 ವರ್ಷ ಹಿಡಿಯಿತು. ನಮ್ಮ ಸೀಮೆಯ ಲಾವಣಿಕಾರರು ಅಷ್ಟು ಕಾಯಲಿಲ್ಲ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಕಂಪನಿಗೆ ಬಂಡುಕೋರನಾದವನು ಹಾಡಿನಲ್ಲಿ ವೀರನಾಗಿಯೇ ಉಳಿದ. ಆ ಶತಮಾನದ ಕೊನೆಯ ಭಾಗದಲ್ಲಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಮಾಡಿಸಿದ ಫ್ಲೀಟ್ ಸ್ವತಃ ಇಂಗ್ಲಿಷ್ ಅಧಿಕಾರಿ.

ರಾಯಣ್ಣನನ್ನು ಹಿಡಿದುಕೊಟ್ಟವರು ಇಲ್ಲಿಯವರೇ ಎಂಬುದನ್ನು ಜನ ಇಂದಿಗೂ ನೆನೆಯುತ್ತಾರೆ. ಆಳಿದವರ ಕಥೆಗೆ ಉತ್ತರ ಹೇಳುವಾಗ ಮನೆಯೊಳಗಿನ ತಪ್ಪನ್ನು ಮುಚ್ಚಿಡದಿರುವುದರಲ್ಲಿ ಕೆರಿಬಿಯನ್ನಿನ ಈ ಕಾದಂಬರಿಯೂ ಕಿತ್ತೂರಿನ ಜನರ ನೆನಪೂ ಒಂದೇ ದಾರಿ ಹಿಡಿದಿವೆ.