ಕ್ಷೀರಪಥದ ರೇಡಿಯೊ ನಕ್ಷೆ

ಕ್ಷೀರಪಥ ಗ್ಯಾಲಕ್ಸಿಯ ಸುರುಳಿ ತೋಳುಗಳನ್ನೂ ತಿರುಗುವಿಕೆಯನ್ನೂ ರೇಡಿಯೊ ಅಲೆಗಳ ನೆರವಿನಿಂದ ಅಳೆದು ಬರೆದ ನಕ್ಷೆ. ನಾವು ಗ್ಯಾಲಕ್ಸಿಯ ತಟ್ಟೆಯೊಳಗೇ ಇರುವುದರಿಂದ ಅದರ ಆಕಾರ ಹೊರಗಿನಿಂದ ನೋಡಲು ಸಿಗದು. ತಟ್ಟೆಯಲ್ಲಿ ಹರಡಿರುವ ಧೂಳು ದೂರದ ನಕ್ಷತ್ರಗಳ ಬೆಳಕನ್ನು ತಡೆಯುತ್ತದೆ. ರೇಡಿಯೊ ಅಲೆಗಳಿಗೆ ಆ ಧೂಳು ಅಡ್ಡಿಯಲ್ಲ.

ತಟಸ್ಥ ಜಲಜನಕದ ಪರಮಾಣು 21 ಸೆಂ.ಮೀ. ಅಲೆಯುದ್ದದಲ್ಲಿ ವಿಕಿರಣ ಸೂಸಬೇಕೆಂದು ಡಚ್ ವಿಜ್ಞಾನಿ ಹೆಂಕ್ ವಾನ್ ಡೆ ಹುಲ್ಸ್ಟ್ 1944ರಲ್ಲಿ, ದೇಶ ಜರ್ಮನರ ವಶದಲ್ಲಿದ್ದಾಗ, ಲೆಕ್ಕಹಾಕಿದ್ದ. 1951ರ ಮಾರ್ಚ್‌ನಲ್ಲಿ ಹಾರ್ವರ್ಡ್‌ನ ಇವೆನ್ ಮತ್ತು ಪರ್ಸೆಲ್ ಅದನ್ನು ಪತ್ತೆಹಚ್ಚಿದರು. ಕೆಲವೇ ವಾರಗಳಲ್ಲಿ ನೆದರ್ಲೆಂಡ್ಸ್‌ನ ಮುಲ್ಲರ್ ಮತ್ತು ಊರ್ಟ್ ಅವರಿಗೂ ಅದು ದಕ್ಕಿತು. ಅವರ ಆಂಟೆನಾ, ಜರ್ಮನ್ ಸೇನೆ ಬಿಟ್ಟುಹೋಗಿದ್ದ ರೇಡಾರ್ ತಟ್ಟೆ.

ಅನಿಲ ನಮ್ಮತ್ತ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ಎಂಬುದು ಈ ಅಲೆಯುದ್ದದ ಡಾಪ್ಲರ್ ಪಲ್ಲಟದಿಂದ ತಿಳಿಯುತ್ತದೆ. ಗ್ಯಾಲಕ್ಸಿ ಹೇಗೆ ತಿರುಗುತ್ತದೆಂದು ಊಹಿಸಿಕೊಂಡರೆ, ವೇಗದಿಂದ ದೂರವನ್ನು ಎಣಿಸಬಹುದು. ಲೈಡನ್ ಮತ್ತು ಸಿಡ್ನಿಯ ವೀಕ್ಷಣೆಗಳನ್ನು ಜೋಡಿಸಿ ಊರ್ಟ್, ಕೆರ್, ವೆಸ್ಟರ್‌ಹೌಟ್ 1958ರಲ್ಲಿ ಪ್ರಕಟಿಸಿದ ಪ್ರಸಿದ್ಧ ನಕ್ಷೆ ಹುಟ್ಟಿದ್ದು ಹೀಗೆ. ಅದರ ಬಲವೂ ದೌರ್ಬಲ್ಯವೂ ಆ ಊಹೆಯೇ. ಸೂರ್ಯನ ಕಕ್ಷೆಯ ಒಳಗೆ ಒಂದೇ ದಿಕ್ಕಿನಲ್ಲಿ ಹತ್ತಿರದ ಮೋಡಕ್ಕೂ ದೂರದ ಮೋಡಕ್ಕೂ ಒಂದೇ ವೇಗ ಇರಬಹುದು. ಗ್ಯಾಲಕ್ಸಿಯ ಕೇಂದ್ರದ ದಿಕ್ಕಿನಲ್ಲೂ ಅದರ ವಿರುದ್ಧ ದಿಕ್ಕಿನಲ್ಲೂ ಚಲನೆ ಅಡ್ಡಲಾಗಿರುವುದರಿಂದ ವೇಗ ಏನನ್ನೂ ಹೇಳದು. ನಕ್ಷೆಯಲ್ಲಿ ಅಲ್ಲಿ ಖಾಲಿ ಜಾಗವೇ ಉಳಿಯಿತು. ತೋಳುಗಳ ಗುರುತ್ವ ಅನಿಲದ ವೇಗವನ್ನು ಅಲ್ಪಸ್ವಲ್ಪ ಕದಲಿಸಿದರೂ ಸಾಕು, ತೋಳಿನ ಜಾಗವೇ ತಪ್ಪಿಹೋಗುತ್ತದೆ.

ಊಹೆಯ ಹಂಗಿಲ್ಲದ ದಾರಿ ಪ್ಯಾರಲಾಕ್ಸ್: ಭೂಮಿ ಸೂರ್ಯನನ್ನು ಸುತ್ತುವಾಗ ವಸ್ತು ಆಕಾಶದಲ್ಲಿ ಎಷ್ಟು ಅಲ್ಲಾಡಿದಂತೆ ಕಾಣುತ್ತದೆ ಎಂಬ ಅಳತೆ. ಹೊಸ ನಕ್ಷತ್ರಗಳು ಹುಟ್ಟುವ ಮೋಡಗಳಲ್ಲಿ ನೀರು, ಮೆಥನಾಲ್ ಅಣುಗಳು ಮೇಸರ್‌ಗಳಾಗಿ, ಅಂದರೆ ರೇಡಿಯೊ ಅಲೆಗಳ ಲೇಸರ್‌ನಂತೆ, ಪ್ರಖರವಾಗಿ ಹೊಳೆಯುತ್ತವೆ. ಹವಾಯಿಯಿಂದ ಕೆರಿಬಿಯನ್‌ವರೆಗೆ ಚದುರಿರುವ ಅಮೆರಿಕದ ಹತ್ತು ಆಂಟೆನಾಗಳ ವಿಎಲ್‌ಬಿಎ ಮತ್ತು ಜಪಾನಿನ ವೇರಾ ಜಾಲಗಳು ಈ ಮೇಸರ್‌ಗಳ ಸ್ಥಾನವನ್ನು ಅತಿಸೂಕ್ಷ್ಮವಾಗಿ ಅಳೆದವು. ಪರ್ಸಿಯಸ್ ತೋಳಿನ ಡಬ್ಲ್ಯು3(ಓಎಚ್) ಮೋಡದ ದೂರ ಸುಮಾರು 6,400 ಜ್ಯೋತಿರ್ವರ್ಷ ಎಂದು 2006ರಲ್ಲಿ ಗೊತ್ತಾಯಿತು; ವೇಗದ ಲೆಕ್ಕ ಅದನ್ನು ಇದರ ಎರಡು ಪಟ್ಟಿಗೂ ಆಚೆ ಇಟ್ಟಿತ್ತು. ಅರ್ಧ ಶತಮಾನದ ನಕ್ಷೆಗಳನ್ನು ಎಷ್ಟು ನಂಬಬಹುದು ಎಂಬುದಕ್ಕೆ ಈ ಒಂದು ಅಳತೆಯೇ ಉತ್ತರ.

ಸುಮಾರು 200 ಮೇಸರ್‌ಗಳ ಅಳತೆಯಿಂದ ಮಾರ್ಕ್ ರೀಡ್ ಮತ್ತು ಸಂಗಡಿಗರು 2019ರಲ್ಲಿ ನಾಲ್ಕು ತೋಳುಗಳ ಚಿತ್ರ ಕೊಟ್ಟರು. ಕೇಂದ್ರದಿಂದ ಸೂರ್ಯನ ದೂರ ಸುಮಾರು 26,600 ಜ್ಯೋತಿರ್ವರ್ಷ. ಅಲ್ಲಿ ತಿರುಗುವ ವೇಗ ಸೆಕೆಂಡಿಗೆ ಸುಮಾರು 236 ಕಿ.ಮೀ.; ಒಂದು ಸುತ್ತಿಗೆ ಸುಮಾರು 21 ಕೋಟಿ ವರ್ಷ. ಹೊರಕ್ಕೆ ಹೋದಂತೆ ಈ ವೇಗ ಹೆಚ್ಚು ಇಳಿಯದಿರುವುದು ಕಾಣದ ದ್ರವ್ಯದ ಇರುವಿಕೆಗೆ ಮುಖ್ಯ ಸಾಕ್ಷ್ಯಗಳಲ್ಲೊಂದು.

ಬೇರೆ ಬಗೆಯ ರೇಡಿಯೊ ನಕ್ಷೆಯೂ ಉಂಟು: ಗೌರಿಬಿದನೂರಿನ ಟಿ ಆಕಾರದ ಆಂಟೆನಾ ಸಮೂಹ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಬಹುಭಾಗದ ನಕ್ಷೆ ತೆಗೆದಿತ್ತು. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳು ಸೂಸುವ ಹಿನ್ನೆಲೆ ವಿಕಿರಣ ಅದರಲ್ಲಿ ಎದ್ದು ಕಾಣುತ್ತದೆ; ದೂರದ ಪ್ರಶ್ನೆಗೆ ಅದು ಉತ್ತರಿಸದು.

2019ರ ನಕ್ಷೆಯ ಮೇಸರ್ ಅಳತೆಗಳು ಬಹುಪಾಲು ಉತ್ತರ ಗೋಳಾರ್ಧದ ಆಂಟೆನಾಗಳವು. ದಕ್ಷಿಣದಿಂದಷ್ಟೇ ಚೆನ್ನಾಗಿ ಕಾಣುವ ಭಾಗದಲ್ಲಿ ತೋಳುಗಳನ್ನು ಬಹುಮಟ್ಟಿಗೆ ಗೆರೆ ಮುಂದುವರಿಸಿ ತುಂಬಿಸಲಾಗಿತ್ತು.