ಪರೇಲಿನ ಹದಿಮೂರನೆಯ ಮಹಡಿ ಮತ್ತು ನಮ್ಮ ರಕ್ತದಾನಿಗಳ ವಹಿ

ಸಂಘದ ಸ್ಮರಣ ಸಂಚಿಕೆಗೆ ಆರೋಗ್ಯ ವಿಭಾಗದ ಇತಿಹಾಸ ಬರೆದುಕೊಡಿ ಎಂದು ಸಮಿತಿಯವರು ಪ್ರೀತಿಯಿಂದ ಕೇಳಿದರು. ಡೊಂಬಿವಲಿ, ಕಲ್ಯಾಣ, ಠಾಣೆ, ನವಿಮುಂಬಯಿಗಳಲ್ಲಿ ಹರಡಿಕೊಂಡಿರುವ ನಮ್ಮ ರಕ್ತದಾನಿಗಳ ಬಳಗದ ಕಥೆಯನ್ನು ನಾನು ಪರೇಲಿನಿಂದ ಆರಂಭಿಸುತ್ತೇನೆ. ಅಲ್ಲಿ ದುಡಿದ ಹಿರಿಯರನ್ನು ನೆನೆಯದೆ ನಮ್ಮ ಕೆಲಸದ ಮಾತೆತ್ತುವುದು ನನಗೆ ಸರಿಕಾಣುವುದಿಲ್ಲ.

1952ರ ಮಾತು. ಮುಂಬಯಿಯ ವೈ. ಎಂ. ಭೇಂಡೆ, ಸಿ. ಕೆ. ದೇಶಪಾಂಡೆ, ಎಚ್. ಎಂ. ಭಾಟಿಯಾ ಇವರ ಕೈಗೆ ಎಲ್ಲೂ ಕಂಡರಿಯದ ರಕ್ತದ ಮಾದರಿಗಳು ಬಂದವು. ಮೇಲ್ನೋಟಕ್ಕೆ ‘ಓ’ ಗುಂಪು. ಆದರೆ ‘ಓ’ ಕಣಗಳನ್ನೇ ಬೆರೆಸಿದರೂ ಮುದ್ದೆಗಟ್ಟುತ್ತಿದ್ದವು. ಲಂಡನ್ನಿನ ರೇಸ್, ರೂತ್ ಸ್ಯಾಂಗರ್, ಮಾರ್ಗನ್, ವಿನಿಫ್ರೆಡ್ ವಾಟ್ಕಿನ್ಸ್ ಇವರೂ ಕೈಜೋಡಿಸಿದರು. ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲೇಖನ ಬಂತು. ನಮ್ಮ ಊರಿನ ಹೆಸರು ಹೊತ್ತ ‘ಬಾಂಬೆ ಬ್ಲಡ್ ಗ್ರೂಪ್’ ಹುಟ್ಟಿದ್ದು ಹೀಗೆ.

ಕೆಂಪು ರಕ್ತಕಣದ ಹೊರಪೊರೆಯ ಮೇಲೆ ಸಕ್ಕರೆಯ ಅಣುಗಳ ಸರಪಳಿಗಳಿವೆ. ಅವುಗಳ ತುದಿಗೆ ಫ್ಯೂಕೋಸ್ ಸೇರಿದರೆ ‘ಎಚ್’ ಎಂಬ ಗುರುತು ಮೂಡುತ್ತದೆ. ಆ ‘ಎಚ್’ನ ಮೇಲೆ ಇನ್ನೊಂದು ಸಕ್ಕರೆ ಕೂತಾಗ ‘ಎ’ ಅಥವಾ ‘ಬಿ’. ಏನೂ ಕೂರದಿದ್ದರೆ ‘ಓ’. ಬಾಂಬೆ ಗುಂಪಿನವರಲ್ಲಿ ‘ಎಚ್’ ಇಲ್ಲ, ತಳಪಾಯವಿಲ್ಲದ ಮೇಲೆ ಗೋಡೆ ಏಳುವುದೆಲ್ಲಿ? ಅವರ ಪ್ಲಾಸ್ಮಾದಲ್ಲಿ ‘ಎಚ್’ಗೆ ವಿರೋಧಿಯಾದ ಪ್ರತಿಕಾಯವಿರುವುದರಿಂದ ‘ಓ’ ರಕ್ತ ಏರಿಸಿದರೂ ಪ್ರಾಣಕ್ಕೆ ಕುತ್ತು. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರು ಹೀಗಿರುತ್ತಾರೆ. ರಕ್ತಕಣಗಳನ್ನು ಮಾತ್ರ ನೋಡಿದರೆ ಇವರು ಸಿಕ್ಕುವುದಿಲ್ಲ. ಪ್ಲಾಸ್ಮಾಕ್ಕೆ ‘ಓ’ ಕಣ ಬೆರೆಸಿ ನೋಡುವ ರಿವರ್ಸ್ ಗ್ರೂಪಿಂಗ್ ಮಾಡಲೇಬೇಕು. ಪ್ರಯೋಗಾಲಯದಲ್ಲೇ ಆಯುಷ್ಯ ಕಳೆದ ನಾನು ಪ್ರತಿ ಶಿಬಿರದಲ್ಲೂ ಈ ಮಾತನ್ನು ಹೇಳುತ್ತ ಬಂದಿದ್ದೇನೆ.

1957ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮುಂಬಯಿಯಲ್ಲಿ ‘ಬ್ಲಡ್ ಗ್ರೂಪ್ ರೆಫರೆನ್ಸ್ ಸೆಂಟರ್’ ಆರಂಭಿಸಿತು. ಇಂದು ಅದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲಿ, ಬಹುಮಹಡಿ ಕಟ್ಟಡದ 13ನೆಯ ಮಹಡಿಯಲ್ಲಿರುವ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ. ಭಾಟಿಯಾ ಅವರು ಅದನ್ನು ಮಗುವಿನಂತೆ ಸಾಕಿದರು. 1973ರಲ್ಲಿ ಎಸ್. ಎಸ್. ಬಡಾಕೆರೆ, ಎಸ್. ಆರ್. ಜೋಶಿ, ಭಾಟಿಯಾ ಮೊದಲಾದವರು ಭಾರತೀಯರಲ್ಲಿ ಇನ್ನೊಂದು ಹೊಸ ಗುರುತನ್ನು ಪತ್ತೆಹಚ್ಚಿದರು. ಜಗತ್ತು ಅದಕ್ಕೆ ‘ಇಂಡಿಯನ್’ ರಕ್ತಗುಂಪು ವ್ಯವಸ್ಥೆ ಎಂದೇ ಹೆಸರಿಟ್ಟಿದೆ. ಅದು ಇರುವುದು ಕಣದ ಪೊರೆಯ ಸಿಡಿ-44 ಎಂಬ ಪ್ರೋಟೀನಿನ ಮೇಲೆ ಎಂದು ಆಮೇಲೆ ಗೊತ್ತಾಯಿತು. ಆ ಪ್ರಬಂಧದ ಮೊದಲ ಹೆಸರನ್ನು ಓದುವಾಗ ಕುಂದಾಪುರ ಕಡೆಯ ಬಡಾಕೆರೆ ಊರು ಕಣ್ಮುಂದೆ ಬಂದು ನನಗೆ ಹೆಮ್ಮೆಯಾಗುತ್ತದೆ.

ಅದೇ 1973ರ ನವೆಂಬರ್ 27ರಂದು, ಅದೇ ಆಸ್ಪತ್ರೆಯಲ್ಲಿ, ಹೊನ್ನಾವರ ಬಳಿಯ ಹಳದೀಪುರದಿಂದ ಬಂದಿದ್ದ ನರ್ಸ್ ಅರುಣಾ ಶಾನಭಾಗ ಅವರ ಮೇಲೆ ಘೋರ ಹಲ್ಲೆ ನಡೆಯಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಸಹೋದ್ಯೋಗಿ ದಾದಿಯರು, ತಲೆಮಾರು ಬದಲಾದರೂ ಬಿಡದೆ, ಮಾತಾಡಲಾರದೆ ಹಾಸಿಗೆ ಹಿಡಿದಿದ್ದ ಅವರನ್ನು ನೋಡಿಕೊಂಡರು. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್, ಅರುಣಾ ಪರವಾಗಿ ಮಾತಾಡುವ ಹಕ್ಕು ಈ ದಾದಿಯರದು, ಸಿಬ್ಬಂದಿಯದು ಎಂದು ಒಪ್ಪಿ ದಯಾಮರಣದ ಅರ್ಜಿಯನ್ನು ತಳ್ಳಿಹಾಕಿತು. ಚಿಕಿತ್ಸೆ ಹಿಂತೆಗೆಯುವುದಕ್ಕೆ ಹೈಕೋರ್ಟಿನ ಒಪ್ಪಿಗೆಯ ದಾರಿಯನ್ನೂ ತೋರಿಸಿತು. ಮಾತಾಡಲಾರದ ರೋಗಿಯ ಪರವಾಗಿ ಯಾರು ಮಾತಾಡಬೇಕು ಎಂಬ ಪ್ರಶ್ನೆ ದೇಶದ ಕಾನೂನಿಗೆ ಬಂದದ್ದು ನಮ್ಮ ಉತ್ತರ ಕನ್ನಡದ ಹೆಣ್ಣುಮಗಳ ಹಾಸಿಗೆಯ ಪಕ್ಕದಿಂದ.

ಒಬ್ಬರ ಪರವಾಗಿ ಇನ್ನೊಬ್ಬರು ಒಪ್ಪಿಗೆ ಕೊಡಬಹುದೇ ಎಂಬ ಈ ಪ್ರಶ್ನೆ ನಮ್ಮ ರಕ್ತದಾನ ಶಿಬಿರಗಳಿಗೂ ಸಂಬಂಧಪಟ್ಟದ್ದು. 1996ರ ಜನವರಿ 4ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಹಣಕ್ಕೆ ರಕ್ತ ಮಾರುವುದು ಎರಡು ವರ್ಷದೊಳಗೆ ನಿಲ್ಲಬೇಕಾಯಿತು. ಸ್ವಯಂಪ್ರೇರಿತ ದಾನಿಗಳು ಎಲ್ಲಿಂದ ಬರಬೇಕು? ನಮ್ಮ ಹಿರಿಯರು ಹೋಟೆಲುಗಳಿಗೆ ಹೋದರು. ಮಾಲೀಕರು ಉದಾರಿಗಳು, ಹುಡುಗರನ್ನೆಲ್ಲ ಸಾಲಾಗಿ ಕಳಿಸಿಬಿಡುತ್ತಿದ್ದರು. ಧಣಿ ಹೇಳಿದ ಮೇಲೆ ಹುಡುಗ ಆಗದು ಎನ್ನುವುದುಂಟೇ? ಹಾಗಾಗಿ ಪ್ರತಿಯೊಬ್ಬನನ್ನೂ ಪರದೆಯ ಹಿಂದೆ ಒಬ್ಬನೇ ಕೂರಿಸಿ ಕನ್ನಡದಲ್ಲೋ ತುಳುವಿನಲ್ಲೋ ಕೇಳುವ ಕ್ರಮ ತಂದೆವು. ಮನಸ್ಸಿಲ್ಲದವನಿಗೂ ಚಹಾ, ಬಿಸ್ಕತ್ತು ಕೊಟ್ಟು ಕಳಿಸುತ್ತಿದ್ದೆವು. ಅವನು ಏಕೆ ರಕ್ತ ಕೊಡಲಿಲ್ಲ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಸಂಗ್ರಹವಾದ ಬಾಟಲಿಗಳ ಲೆಕ್ಕಕ್ಕಿಂತ ಈ ಪರದೆಯನ್ನೇ ನಾನು ಆರೋಗ್ಯ ವಿಭಾಗದ ದೊಡ್ಡ ಸಾಧನೆ ಎಂದುಕೊಂಡಿದ್ದೇನೆ.

ಮುಂದಿನ ವರ್ಷಗಳು ಸದ್ದಿಲ್ಲದೆ ಸಾಗಿದವು: ವರ್ಷಕ್ಕೊಂದು ಶಿಬಿರ, ಕಣ್ಣಿನ ತಪಾಸಣೆ, ಸಕ್ಕರೆ ಕಾಯಿಲೆಯ ಉಪನ್ಯಾಸ. ನಡುವೆ ದಾನಿಗಳ ಹೆಸರು ಬರೆದಿಟ್ಟ ವಹಿ ಯಾರ ಸ್ವಾಧೀನದಲ್ಲಿರಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು, ನವಿಮುಂಬಯಿಯ ಸ್ನೇಹಿತರು ಪ್ರತ್ಯೇಕವಾಗಿ ಶಿಬಿರ ನಡೆಸತೊಡಗಿದರು. ಎರಡೂ ಕಡೆಯವರು ಸದುದ್ದೇಶದವರೇ. ರಾತ್ರಿ ಫೋನ್ ಬಂದರೆ ಇಂದಿಗೂ ಇಬ್ಬರೂ ಹೊರಡುತ್ತಾರೆ.

ಬಾಂಬೆ ಗುಂಪಿನ ದಾನಿಗಳ ಯಾದಿಯನ್ನು ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ನಿರ್ವಹಿಸುತ್ತಿದೆ. ನಮ್ಮ ವಹಿಯಲ್ಲಿ ಒಂದು ನಿಯಮ ಮೊದಲಿನಿಂದಲೂ ಇದೆ. ದಾನಿಯ ಹೆಸರನ್ನು ರೋಗಿಯ ಮನೆಯವರಿಗೆ ಕೊಡುವುದಿಲ್ಲ. ನಾವೇ ದಾನಿಗೆ ಫೋನ್ ಮಾಡುತ್ತೇವೆ, ಒಪ್ಪಿದರೆ ಸರಿ. ಅಪರೂಪದ ರಕ್ತ ಇದ್ದವರನ್ನು ಊರೆಲ್ಲ ಕಾಡಬಾರದು.

ಈಗ ಹಿರಿಯರು ಬಂದು ಕೇಳುವುದು, ಮುಂದೆ ಮಾತಾಡಲಾರದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಜೀವಂತ ಉಯಿಲಿನ ಬಗ್ಗೆ. ಸುಪ್ರೀಂ ಕೋರ್ಟಿನ 2018ರ ಮಾರ್ಚ್ 9ರ ತೀರ್ಪು ಅದನ್ನು ಮಾನ್ಯ ಮಾಡಿತು, 2023ರಲ್ಲಿ ಕ್ರಮ ಸರಳವಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು. ಇದನ್ನೆಲ್ಲ ಕನ್ನಡದಲ್ಲಿ ವಿವರಿಸುವ ಹಾಳೆಯೊಂದನ್ನು ಆರೋಗ್ಯ ವಿಭಾಗ ಸಿದ್ಧಪಡಿಸುತ್ತಿದೆ. ಕಾನೂನು ಬಲ್ಲ ಯುವಕ ಯುವತಿಯರು ಸಂಘದಲ್ಲಿದ್ದೀರಿ. ದಯವಿಟ್ಟು ಕರಡನ್ನು ಓದಿ ತಿದ್ದಿಕೊಡಿ.